ಬ್ಲಾಕ್ ಆದ ಮಾವ, ಕೈತಪ್ಪಿದ ಬೀಗರೂಟ

ಸ್ನೇಹಿತರೇ, ವಾಟ್ಸಾಪಿನಲ್ಲಿ ಯಾರನ್ನಾದರೂ ಬ್ಲಾಕ್ ಮಾಡುವ ಮುಂಚೆ ಅವರ ಮನೆಯಲ್ಲಿ ಬಾಡೂಟ ಬಾಕಿ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಕಿಕ್ಕೇರಿಯ ನಮ್ಮ ಸೋದರಮಾವ ದಿನಾ ಕೋಳಿ ಕೂಗುವ ಮೊದಲೇ ಗುಲಾಬಿ ಹೂವಿನ ಜೊತೆ ‘ಶುಭೋದಯ’ ಕಳಿಸುತ್ತಿದ್ದರು. ಮಧ್ಯಾಹ್ನಕ್ಕೊಂದು, ಸಂಜೆಗೊಂದು ಬೇರೆ. ತಲೆಕೆಟ್ಟು, ಅವರ ಮಗಳ ಮದುವೆ ಮುಗಿಸಿ ಬರುವಾಗ ಬಸ್ಸಿನಲ್ಲೇ ಬ್ಲಾಕ್ ಮಾಡಿಬಿಟ್ಟೆ.

ಇವತ್ತು ಮಧ್ಯಾಹ್ನ ಪಾಂಡವಪುರದ ಮನೆಯಲ್ಲಿ ತಣ್ಣಗಾದ ಉಪ್ಪಿಟ್ಟು ತಿನ್ನುತ್ತಾ ಅತ್ತೆಯ ಸ್ಟೇಟಸ್ ನೋಡಿದರೆ, ಬೀಗರೂಟ! ಎಲೆ ತುಂಬ ಮುದ್ದೆ, ಮಟನ್ನು, ಬೋಟಿ ಗೊಜ್ಜು. ನೆಂಟರೆಲ್ಲ ಅಲ್ಲೇ ಇದ್ದಾರೆ. ತಕ್ಷಣ ಮಾವನಿಗೆ ಫೋನ್ ಮಾಡಿದೆ.

“ಏನ್ ಮಾವ, ನನ್ನೇ ಮರ್ತ್‌ಬುಟ್ರಾ?”

“ಮರೆಯಾದಾ? ಎಲ್ರುಗೂ ವಾಟ್ಸಾಪಲ್ಲೇ ಯೋಳಿದ್ದು ಕಣ್ಲಾ. ನಿಂಗೆ ಎಷ್ಟ್ ಸಲ ಆಕುದ್ರೂ ಒಂದೇ ಟಿಕ್ಕು ಬೀಳ್ತದೆ. ನಿನ್ ಫೋನು ಕೆಟ್ಟೋಗದೆ, ವಸಿ ರಿಪೇರಿ ಮಾಡ್ಸ್ಲಾ!”

ಮಾತಾಡುತ್ತಲೇ ಮೆಲ್ಲಗೆ ಅನ್‌ಬ್ಲಾಕ್ ಮಾಡಿದೆ. “ಈಗ ಸರಿಯೋಯ್ತು ಮಾವ. ಸಾರು ಏನಾದ್ರೂ ಉಳ್ದದಾ? ಈಗ್ಲೇ ಬಸ್ ಅತ್ತೀನಿ.”

“ತಡಿ, ನೋಡಿ ವಾಟ್ಸಾಪಲ್ಲೇ ಕಳುಸ್ತೀನಿ.”

ಕಳಿಸಿದರು. ತಳ ಕಾಣುವ ಖಾಲಿ ತಪ್ಪಲೆಯ ಫೋಟೋ. ಮೂಲೆಯಲ್ಲಿ ಗುಲಾಬಿ ಹೂವು. ಕೆಳಗೆ, ‘ಶುಭ ಮಧ್ಯಾಹ್ನ’.