ಅಳಿಸಿದ ಹದಿನೇಳು ಚುಕ್ಕೆಗಳು

2022ರಲ್ಲಿ ನಾನು ಸೇಡಂನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಆ ವರ್ಷ ಎಂ.ಎಸ್ಸಿ. ಪ್ರಾಜೆಕ್ಟಿಗೆ ನನ್ನ ಪಾಲಿಗೆ ಬಂದವಳು ನಾಲವಾರದ ಮಹಾದೇವಿ. ವಾಡಿಯಲ್ಲಿ ರೈಲು ಬದಲಿಸಿ ಅವಳು ಬರುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ಅವಳು ಬಂದಾಗ ಕರೆಂಟು ಇರುತ್ತಿರಲಿಲ್ಲ. ಕರೆಂಟು ಬಂದರೆ ಇಂಟರ್‌ನೆಟ್ ಇರುತ್ತಿರಲಿಲ್ಲ.

ನಾನು ಕೊಟ್ಟ ಕೆಲಸ ಸರಳವಾಗಿತ್ತು. ಬಾಹ್ಯಾಕಾಶ ದೂರದರ್ಶಕವೊಂದು ಎರಡು ನಿಮಿಷಕ್ಕೊಮ್ಮೆ ಅಳೆದ ನಕ್ಷತ್ರಗಳ ಬೆಳಕಿನ ದಾಖಲೆ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದು ಕೆಂಪು ಕುಬ್ಜವನ್ನು, ಅಂದರೆ ಸೂರ್ಯನಿಗಿಂತ ಚಿಕ್ಕದೂ ತಣ್ಣನೆಯದೂ ಆದ ನಕ್ಷತ್ರವನ್ನು, ಆರಿಸಿಕೊಟ್ಟಿದ್ದೆ. ಅದರ ಮುಂದೆ ಗ್ರಹ ಹಾದುಹೋದರೆ ಬೆಳಕು ತುಸು ಕುಗ್ಗುತ್ತದೆ. ಆ ಕುಗ್ಗನ್ನು ಹುಡುಕಬೇಕಿತ್ತು. ಅವಳು ತಂದದ್ದು ಬೆಳಕು ಏರಿದ ಗ್ರಾಫ್. ಹದಿನೇಳು ಚುಕ್ಕೆಗಳು ಮೊಳೆಯಂತೆ ಎದ್ದು ನಿಂತಿದ್ದವು.

"ಉಪಕರಣದ ದೋಷ ಅದ, ಬರೇ ಕಸ. ತೆಗಿ" ಎಂದೆ. ಮುಂದಿನ ವಾರ ಅದೇ ಗ್ರಾಫ್ ತಂದಳು. ಮೂರನೆಯ ವಾರವೂ ಅದೇ. ನನ್ನ ತಾಳ್ಮೆ ಮುಗಿಯಿತು. ಸರಾಸರಿಗಿಂತ ತೀರಾ ಮೇಲಿರುವುದನ್ನೆಲ್ಲ ಅಳಿಸುವ ಆಜ್ಞೆಯನ್ನು ಕಂಪ್ಯೂಟರಿಗೆ ನಾನೇ ಕೊಟ್ಟು ಫೈಲನ್ನು 'ಸರಿ' ಮಾಡಿದೆ. ಮೂಲ ಪ್ರತಿ ಅವಳ ಪೆನ್‌ಡ್ರೈವಿನಲ್ಲಿತ್ತು.

"ಸರ್, ಒಮ್ಮೆಲೇ ಏರ್ಯದ, ಸಾವಕಾಶ ಇಳ್ದದ. ಕಸ ಹಿಂಗ ಇಳಿತದೇನ್ರಿ?"

"ನಿನಗ ಪಾಸಾಗೋದು ಬ್ಯಾಡೇನು?" ಎಂದು ರೇಗಿದೆ.

ವರದಿಗೆ ಶನಿವಾರ ಕೊನೆಯ ದಿನ. ನನ್ನ ಸಹಿ ಬೀಳದಿದ್ದರೆ ಅವಳ ಒಂದು ವರ್ಷ ಹಾಳು. ಆದರೂ ನಾನು ತಿದ್ದಿದ ಗ್ರಾಫನ್ನು ವರದಿಗೆ ಸೇರಿಸಲು ಅವಳು ಸುತರಾಂ ಒಪ್ಪಲಿಲ್ಲ.

ಗುರುವಾರ, ಅವಳ ಬಾಯಿ ಮುಚ್ಚಿಸಲೆಂದೇ, ಅದೇ ಕ್ಯಾಮೆರಾ ಅದೇ ಹೊತ್ತಿನಲ್ಲಿ ಅಳೆದ ನಾಲ್ಕು ಪಕ್ಕದ ನಕ್ಷತ್ರಗಳ ದಾಖಲೆ ತೆರೆದೆ. ದೋಷ ಉಪಕರಣದ್ದಾದರೆ ಅವೂ ಜಿಗಿದಿರಬೇಕು. ನಾಲ್ಕೂ ಗೆರೆ ಎಳೆದಂತೆ ಸಮವಾಗಿದ್ದವು. ನಮ್ಮ ನಕ್ಷತ್ರವೊಂದೇ ಭುಗಿಲೆದ್ದಿತ್ತು. ಅದು ಫ್ಲೇರ್: ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿ ಒಮ್ಮೆಗೇ ಸ್ಫೋಟಿಸುವುದು. ಇಂಥ ಪುಟ್ಟ, ತಣ್ಣನೆಯ ನಕ್ಷತ್ರಗಳಲ್ಲಿ ಅದು ಸೂರ್ಯನ ಮೇಲಿನದಕ್ಕಿಂತ ಎಷ್ಟೋ ಪಟ್ಟು ಉಗ್ರವಾಗಿರಬಲ್ಲದು. ಈ ಪಾಠವನ್ನು ಪ್ರತಿ ವರ್ಷ ಮಾಡುತ್ತಿದ್ದವನು ನಾನೇ.

"ತಪ್ಪು ನಂದೇ ಅದವಾ" ಎಂದೆ. ಅವಳು ಗೆದ್ದವಳಂತೆ ನಗಲಿಲ್ಲ. ಗ್ರಾಫನ್ನೇ ನೋಡುತ್ತ, "ಅದರ ಬಾಜೂಕ ಗ್ರಹ ಇದ್ದು, ಅಲ್ಲಿ ಯಾರರೆ ಇದ್ರ, ಅವರಿಗಿದು ಕಸ ಅಲ್ಲರಿ ಸರ್" ಎಂದಳು.

ಆಮೇಲೆ ನಕ್ಷತ್ರಪಟ್ಟಿ ತೆಗೆದು ನೋಡಿದೆವು. ಆ ನಕ್ಷತ್ರದ ಹೆಸರಿನ ಮುಂದೆ 'ಫ್ಲೇರ್ ನಕ್ಷತ್ರ' ಎಂದು ಯಾರೋ ಎಂದೋ ಬರೆದಿಟ್ಟಿದ್ದರು. ಮಹಾದೇವಿ ತಲೆಯ ಮೇಲೆ ಕೈಹೊತ್ತಳು. "ಹಂಗಾರ ಒಂದು ತಿಂಗಳು ನಾವು ಜಗಳಾಡಿದ್ದು ಯಾಕ್ರಿ?"

ಶನಿವಾರ ಹದಿನೇಳೂ ಚುಕ್ಕೆಗಳಿದ್ದ ವರದಿಗೆ ಸಹಿ ಹಾಕಿದೆ. ಅವಳು ಪಾಸಾದಳು. ಗ್ರಹ ಸಿಗಲಿಲ್ಲ. ನನಗೆ ಬೇಡದ್ದು ಕಂಡರೆ ಅದನ್ನು ತಪ್ಪೆಂದು ಕರೆಯುವ ಚಟ ನನಗಿದೆ ಎಂಬುದು ಮಾತ್ರ ಆ ತಿಂಗಳು ಗೊತ್ತಾಯಿತು. ಪಕ್ಕದ ನಾಲ್ಕು ನಕ್ಷತ್ರಗಳನ್ನು ನೋಡಲು ಹಿಡಿದದ್ದು ಅರ್ಧ ಗಂಟೆ. ಅದನ್ನು ಮೊದಲ ದಿನವೇ ನೋಡದಂತೆ ನನ್ನನ್ನು ತಡೆದದ್ದು ಕರೆಂಟೂ ಅಲ್ಲ, ಇಂಟರ್‌ನೆಟ್ಟೂ ಅಲ್ಲ.