ಅಂಗೈ ಮರೆಯ ಟ್ಯಾಂಕು

ತೊಂಬತ್ತರ ದಶಕದಲ್ಲಿ ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು ಘನಕೋನದ, ಅಂದರೆ ಒಂದು ವಸ್ತು ನಮ್ಮ ನೋಟದಲ್ಲಿ ಎಷ್ಟು ಜಾಗ ಹಿಡಿಯುತ್ತದೆಂಬ ಅಳತೆಯ, ಪಾಠವನ್ನು ಬೋರ್ಡಿನ ಮೇಲೆ ಮಾಡಿದವರಲ್ಲ. ನಮ್ಮನ್ನೆಲ್ಲ ಮೈದಾನಕ್ಕೆ ಕರೆದೊಯ್ದು, ಒಂದು ಕಣ್ಣು ಮುಚ್ಚಿಸಿ, ತೋಳು ಚಾಚಿಸಿ, ದೂರದ ನೀರಿನ ಟ್ಯಾಂಕನ್ನು ಅಂಗೈಯಿಂದ ಮರೆಮಾಡಿಸುತ್ತಿದ್ದರು.

"ಟ್ಯಾಂಕಿನ ಮೈ ಎಷ್ಟಗಲ, ನಿಮ್ಮ ಅಂಗೈ ಎಷ್ಟಗಲ? ಆದ್ರೂ ನಿಮ್ ಕಣ್ಣಿಗೆ ಎರಡೂ ಒಂದೇ ಘನಕೋನ ಕಣ್ರಯ್ಯಾ. ದೂರ ಎರಡರಷ್ಟಾದ್ರೆ ಕಾಣೋದು ಕಾಲು ಭಾಗ!"

ಈ ಕೊನೆಯ ಮಾತನ್ನು ಅವರು ಹಿಂದಕ್ಕೆ ನಡೆಯುತ್ತಲೇ ಹೇಳಬೇಕು. ಹಾಗೆ ನಡೆದು ನಮ್ಮ ಸೈಕಲ್ಲುಗಳ ಮೇಲೆ ಬಿದ್ದದ್ದೂ ಉಂಟು.

ಸಂಜೆ ಅವರ ಪುಟ್ಟ ಮಗಳು ಮನೆಯ ಗೇಟಿನ ಬಳಿ ಕಾಯುತ್ತಿದ್ದಳು. ಅಪ್ಪ ಕಂಡೊಡನೆ ಒಂದು ಕಣ್ಣು ಮುಚ್ಚಿ, ಅಂಗೈ ಅಡ್ಡ ಹಿಡಿದು, "ಅಪ್ಪ ಮಾಯ!" ಎಂದು ಕೂಗುತ್ತಿದ್ದಳು. ಅವರು ಹತ್ತಿರವಾದಷ್ಟೂ ಆ ಪುಟ್ಟ ಅಂಗೈ ಸಾಲದೆ, ಎರಡೂ ಕೈ ಒಡ್ಡಿ ನಗುತ್ತಿದ್ದಳು.

ಆ ಮಗು ಮೆದುಳು ಜ್ವರದಲ್ಲಿ ಹೋಯಿತು. ಆ ಮನೆ, ಆ ಗೇಟು ಕಣ್ಣಿಗೆ ಬೀಳಬಾರದೆಂದು ಮೇಷ್ಟ್ರು ಟಿ. ನರಸೀಪುರಕ್ಕೆ ವರ್ಗ ಮಾಡಿಸಿಕೊಂಡರು.

ಕೆಲವು ವರ್ಷಗಳ ಮೇಲೆ ಅಲ್ಲಿಗೆ ಹೋದಾಗ ಹೊಳೆಯ ಮೆಟ್ಟಿಲ ಮೇಲೆ ಅವರು ಒಬ್ಬರೇ ಕೂತಿದ್ದರು.

"ಹೇಗಿದ್ದೀರಿ ಸಾ?" ಎಂದೆ.

ಅವರು ಒಂದು ಕಣ್ಣು ಮುಚ್ಚಿ, ಕಪಿಲೆ ಹರಿದುಬರುವ ನಂಜನಗೂಡಿನ ದಿಕ್ಕಿಗೆ ಅಂಗೈ ಚಾಚಿದರು. ತುಸು ಹೊತ್ತಿನ ಮೇಲೆ ಇನ್ನೊಂದು ಕೈಯನ್ನೂ ಅದರ ಪಕ್ಕಕ್ಕೆ ತಂದರು.

"ಇಷ್ಟು ದೂರ ಬಂದೆ. ಎರಡು ಕೈಯೂ ಸಾಲ್ತಿಲ್ಲ ಕಣಯ್ಯಾ."