ಒಂಬತ್ತನೇ ವಾರ್ಡಿನ ಅಡಿಟಿಪ್ಪಣಿ

ನಮ್ಮ ನಗರಸಭೆಯ ದಾಖಲೆ ಕೋಣೆಯ ಗುಮಾಸ್ತರಿಗೆ ನಾವಿಟ್ಟ ಹೆಸರು ಅಂಕಿರಾಯರು. ಯಾವ ಚುನಾವಣೆ, ಯಾವ ವಾರ್ಡು ಅಂತ ಕೇಳಿದರೆ ಸಾಕು, ಗೆದ್ದವರಿಂದ ಹಿಡಿದು ಠೇವಣಿ ಕಳೆದುಕೊಂಡವರವರೆಗೆ ಎಲ್ಲರ ಮತಗಳೂ ನಾಲಿಗೆಯ ತುದಿಯಲ್ಲಿರುತ್ತಿದ್ದವು. ಮನೆಗೆ ಹೋದರೆ ಮಾತ್ರ "ಬಂದ್ಯಾ" ಎನ್ನುವವರಿರಲಿಲ್ಲ. ಮದುವೆಯಾಗಿರಲಿಲ್ಲ. ಎರಡು ಬೀದಿಯಾಚೆ ಒಡಹುಟ್ಟಿದ ಅಣ್ಣನ ಹೊಲಿಗೆ ಅಂಗಡಿಯಿತ್ತು, ಆದರೆ ಅಣ್ಣತಮ್ಮಂದಿರ ನಡುವೆ ಹದಿನೈದು ವರ್ಷದಿಂದ ಮಾತಿರಲಿಲ್ಲ.

ಆ ಅಣ್ಣ ಒಮ್ಮೆ ಒಂಬತ್ತನೇ ವಾರ್ಡಿನಲ್ಲಿ ನಿಂತಿದ್ದರು. ಅವರಿಗೂ ಎದುರಾಳಿಗೂ ತಲಾ ಆರುನೂರ ಹನ್ನೆರಡು ಮತ ಬಂದು, ಚೀಟಿ ಎತ್ತಿದಾಗ ಎದುರಾಳಿಯ ಹೆಸರು ಬಂತು. ಅವತ್ತಿನಿಂದ ಅವರು ತಮ್ಮನ ಮನೆ ಮೆಟ್ಟಿಲು ಹತ್ತಲಿಲ್ಲ. ಸೋತ ಅವಮಾನ ಎಂದು ಊರು ಆಡಿಕೊಂಡಿತು.

ನಗರಸಭೆಗೆ ಎಪ್ಪತ್ತೈದು ತುಂಬಿದಾಗ, ಎಲ್ಲ ಚುನಾವಣೆಗಳ ಫಲಿತಾಂಶವನ್ನು ಪುಸ್ತಕ ಮಾಡಿ ಎಂದರು ಕಮಿಷನರು. ರಾಯರು ಹಳೇ ಕಡತಗಳ ಬಟ್ಟೆಗಂಟು ಬಿಚ್ಚಿ ಓದುವುದು, ಪಕ್ಕದ ಮೇಜಿನ ನಾನು ಧೂಳಿಗೆ ಸೀನುತ್ತಾ ಟೈಪ್ ಮಾಡುವುದು. ಮೊದಲ ಚುನಾವಣೆಯಲ್ಲಿ ಇದ್ದದ್ದೇ ಏಳು ವಾರ್ಡು. ಒಂದರಲ್ಲಿ ನಿಂತವನೂ ಒಬ್ಬನೇ, ಆದರೂ ಊರೆಲ್ಲ ಮೆರವಣಿಗೆ ಹೊರಟನಂತೆ. ಅದನ್ನು ಓದಿ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಒಂಬತ್ತನೇ ವಾರ್ಡಿನ ಆ ಹಾಳೆ ಬಂದಾಗ ಮಾತ್ರ "ನಾಳೆ ನೋಡೋಣಮ್ಮ" ಎಂದರು. ಹತ್ತು ದಿನ ಅದೇ ಮಾತು. ಹನ್ನೊಂದನೇ ದಿನ ಕೊಟ್ಟ ಹಾಳೆಯ ಕೆಳಗೆ ಅವರದೇ ಕೈಬರಹದಲ್ಲಿ ಒಂದು ಟಿಪ್ಪಣಿಯಿತ್ತು: ಅಂಚೆ ಮತಪತ್ರ ಕೊಟ್ಟದ್ದು ಆರು, ಬಂದದ್ದು ಐದು. ಬಾರದ ಒಂದು ಮತ ಈ ಪುಸ್ತಕ ಸಂಗ್ರಹಿಸಿದವನದು.

"ಸ್ವಂತ ಅಣ್ಣಂಗೇ ವೋಟ್ ಹಾಕ್ಲಿಲ್ವಾ ಸರ್?"

"ಎಲೆಕ್ಷನ್ ಡ್ಯೂಟಿ ಇತ್ತಮ್ಮ, ಅಂಚೇಲಿ ಕಳಿಸ್ಬೇಕಿತ್ತು. ನಂದೊಂದ್ರಿಂದ ಏನಾಗುತ್ತೆ ಅಂತ ಡ್ರಾಯರಲ್ಲೇ ಬಿಟ್ಟೆ."

"ಅವರಿಗೆ ಗೊತ್ತಾ?"

"ಗೊತ್ತಿಲ್ಲ. ಇದ್ರಲ್ಲಿ ಓದ್ಕೋತಾನೆ. ಆಮೇಲೆ ಬೈದಾದ್ರೂ ಮಾತಾಡ್ತಾನೆ."

"ಎರಡು ಬೀದಿ ದಾಟಿ ಹೇಳಿಬಿಟ್ರೆ ಆಗಲ್ವಾ?"

ಅವರು ಕನ್ನಡಕ ಒರೆಸತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಊರಿನ ಸೋಲು ಗೆಲುವೆಲ್ಲ ಬಾಯಿಪಾಠ, ಮನೆಯವನ ಹತ್ತಿರ ಒಂದು ಮಾತಾಡಲು ಅಡಿಟಿಪ್ಪಣಿ ಬೇಕಾ? ಆದರೂ ಬಾಯಿಮುಚ್ಚಿಕೊಂಡು ಟೈಪ್ ಮಾಡಿದೆ.

ಪುಸ್ತಕದ ಮೊದಲ ಪ್ರತಿ ಜವಾನನ ಕೈಲಿ ಹೊಲಿಗೆ ಅಂಗಡಿಗೆ ಹೋಯಿತು. ಆಮೇಲೆ ಬಾಗಿಲ ಹತ್ತಿರ ಚಪ್ಪಲಿ ಸದ್ದಾದರೆ ಸಾಕು, ರಾಯರು ತಲೆಯೆತ್ತುತ್ತಿದ್ದರು. ಎಂಟನೆಯ ದಿನ ಮಧ್ಯಾಹ್ನ ಅಣ್ಣ ಬಂದರು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಪುಸ್ತಕ. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ನನ್ನ ಬುದ್ಧಿಯೇ ಅಂಥದ್ದು.

"ಇದು ನಂಗೆ ಎಣಿಕೆ ದಿನಾನೇ ಗೊತ್ತಿತ್ತು ಕಣೋ. ನಮ್ಮ ವಾರ್ಡಲ್ಲಿ ಡ್ಯೂಟಿಗೆ ಹೋದೋರು ಆರೇ ಜನ. ನಿನ್ನ ಬಿಟ್ಟು ಉಳಿದ ಐದು ಜನಾನೂ ಕಳಿಸಿದೀವಿ ಅಂದ್ರು."

"ಮತ್ಯಾಕೆ ಕೇಳ್ಲಿಲ್ಲ?" ರಾಯರು ಕೇಳಿದರು.

"ನೀನೇ ಬಂದು ಹೇಳ್ತೀಯ ಅಂತ ಕಾದೆ. ಮೂರು ಚುನಾವಣೆ ಕಳೀತು." ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಈಗ ಊರಿಗೆಲ್ಲ ಹೇಳಿದೀಯ. ನಂಗೆ ಯಾವಾಗ ಹೇಳ್ತೀಯ?"

ರಾಯರು ಎದ್ದು ನಿಂತರು. ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು. ಅಣ್ಣ ಸುಮಾರು ಹೊತ್ತು ಕಾದರು. ಆಮೇಲೆ ಪುಸ್ತಕ ಅಲ್ಲೇ ಬಿಟ್ಟು ಅಂಗಡಿಗೆ ಹೊರಟುಹೋದರು.